ಕುದುರೆಮುಖದ ಪಟ್ಟೆಗಲ್ಲು

ಕುದುರೆಮುಖದ ಕಬ್ಬಿಣದ ಅದಿರು ಕಪ್ಪು-ಬಿಳಿ ಪಟ್ಟೆಗಳ ಕಲ್ಲು. ಕಪ್ಪು ಪಟ್ಟೆ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್, ಬಿಳಿಯದು ಬೆಣಚು. ಶಿಲಾ-ಖನಿಜ ಪ್ರದರ್ಶನಗಳಲ್ಲಿ ಹೊಳೆಯುವ ಹರಳುಗಳ ಮುಂದೆ ಇದು ಮಂಕಾಗಿ ಕಾಣುತ್ತದೆ. ಆದರೂ ಮಲೆನಾಡಿನ ಇತ್ತೀಚಿನ ಚರಿತ್ರೆಯನ್ನು ಇಷ್ಟು ಅಲುಗಾಡಿಸಿದ ಕಲ್ಲು ಬೇರೊಂದಿಲ್ಲ.

ಈ ಪಟ್ಟೆಗಳು ಮೂಡಿದ್ದು 250 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದ ತಳದಲ್ಲಿ. ಆಗಿನ ಗಾಳಿಯಲ್ಲಿ ಆಮ್ಲಜನಕ ತೀರಾ ಕಡಿಮೆ. ಹಾಗಾಗಿ ಕಬ್ಬಿಣ ಕಡಲನೀರಿನಲ್ಲಿ ಕರಗಿಯೇ ಇರುತ್ತಿತ್ತು. ಅದು ಆಕ್ಸೈಡಾಗಿ ತಳಕ್ಕಿಳಿದಾಗ ಒಂದು ಪದರ, ಸಿಲಿಕಾ ಇಳಿದಾಗ ಮತ್ತೊಂದು. ಮುಂದೆ ಭೂಮಿಯೊಳಗಿನ ಒತ್ತಡ, ಕಾವುಗಳಿಗೆ ಸಿಕ್ಕಿ ಪದರಗಳು ಮಡಿಚಿಕೊಂಡವು. ಕೊನೆಯ ಕೆಲಸ ಘಟ್ಟದ ಮಳೆಯದು. ಯುಗಯುಗಗಳ ಮಳೆ ಮೇಲ್ಭಾಗದ ಗಟ್ಟಿ ಕಲ್ಲನ್ನು ಸವೆಸಿ ಮೆತ್ತಗಾಗಿಸಿತು.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಈ ನಿಕ್ಷೇಪವನ್ನು ಗುರುತಿಸಿದರು. ಗಣಿ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಹಣದ ಭರವಸೆಯ ಮೇಲೆ. ಅಲ್ಲಿನ ಕ್ರಾಂತಿಯಿಂದ ಆ ನೆರವು ನಿಂತರೂ ಕೆಲಸ ಮುಂದುವರಿಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 38ರ ಆಸುಪಾಸು ಮಾತ್ರ. ಅದನ್ನು ಹಿಟ್ಟಾಗಿ ಅರೆದು, ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ಸೆಳೆದು, ಶೇಕಡಾ 67ರ ಸಾಂದ್ರ ಅದಿರಾಗಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಲಾಗುತ್ತಿತ್ತು.

ಅರೆದದ್ದರಲ್ಲಿ ಹೆಚ್ಚಿನ ಪಾಲು ಸಾಗದೆ ಉಳಿಯಿತು. ನುಣ್ಣನೆಯ ಆ ಬೆಣಚುಪುಡಿಯನ್ನು ತಡೆದು ನಿಲ್ಲಿಸಲೆಂದೇ ಲಕ್ಯಾ ಹೊಳೆಗೆ ಅಣೆಕಟ್ಟು ಬಂತು. ಲಕ್ಯಾ ಸೇರುವುದು ಭದ್ರೆಯನ್ನು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಶೋಲಾ ಕಾಡೂ ಹುಲ್ಲುಗಾವಲೂ ಮಳೆನೀರನ್ನು ಹಿಡಿದಿಟ್ಟು ಬೇಸಗೆಗೂ ಜಿನುಗಿಸುತ್ತವೆ. ಗಣಿಗಾಗಿ ಬೋಳಾದ ಇಳಿಜಾರು ಆ ಕೆಲಸ ಮಾಡಲಾರದು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತರೂ ಆ ಬೆಣಚುಪುಡಿ ಅಣೆಕಟ್ಟಿನ ಹಿಂದೆ ಹಾಗೇ ಇದೆ. ಅದು ಮಣ್ಣಲ್ಲ, ಅದರಲ್ಲಿ ಸಸ್ಯಗಳಿಗೆ ಬೇಕಾದ ಸಾರವಿಲ್ಲ, ನೀರು ಸಿಕ್ಕರೆ ಸುಲಭವಾಗಿ ಕೊಚ್ಚಿಹೋಗುತ್ತದೆ. ಗಣಿ ಮುಚ್ಚಿದ ಊರುಗಳಲ್ಲಿ ಎಲ್ಲರೂ ಮೊದಲು ಮರೆಯುವುದು ಇದನ್ನೇ. ಅಣೆಕಟ್ಟಿನ ಕಾವಲು, ಪುಡಿಯ ಮೇಲೆ ಹುಲ್ಲು ಬೆಳೆಸುವ ದುಡಿಮೆ ಪ್ರತಿ ಮಳೆಗಾಲಕ್ಕೂ ಬೇಕು. ಹಾಗಾಗಿ ಖನಿಜ ಪ್ರದರ್ಶನದಲ್ಲಿ ಕುದುರೆಮುಖದ ಅದಿರನ್ನು ಇಡುವವರು ಅದರ ಪಕ್ಕದಲ್ಲೇ ಲಕ್ಯಾದ ಒಂದು ಹಿಡಿ ಪುಡಿಯನ್ನೂ, ಎರಡೂ ಬಂದ ಜಾಗದ ಹೆಸರನ್ನೂ ಇಡುವುದು ಅಗತ್ಯ.