ತೆರೆಯ ಹಿಂದಿನ ಹೆಸರು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಳಿದು ಬಂದ ನಿಮ್ಮ ಮುಂದೆ ಒಬ್ಬ ಫ್ರೆಂಚ್ ಮಹಾಶಯನ ಹೆಸರೆತ್ತಿದರೆ, ಈ ಜಾಗಕ್ಕೂ ಪ್ಯಾರಿಸ್ ನಗರಕ್ಕೂ ನಂಟು ಕಟ್ಟಲು ಹೊರಟಿದ್ದಾನೆಂದು ನೀವು ನಗಬಹುದು. ಅಂಥ ನಂಟೇನೂ ಇಲ್ಲ. ಈ ಮೂಲೆಗೆ ಹೆಸರು ಬಂದದ್ದು 1788ರಲ್ಲಿ ವೇಲ್ಸ್ ದೇಶದಿಂದ ಬಂದು ವ್ಯಾಪಾರ ಹೂಡಿದ ಥಾಮಸ್ ಪ್ಯಾರಿ ಎಂಬುವನಿಂದ. ಅಂಗಡಿ ಇಟ್ಟವನ ಹೆಸರು ಇಷ್ಟು ಕಾಲ ಉಳಿಯಿತು. ಕುಣಿತವನ್ನು ಕಟ್ಟಿದವರ ಹೆಸರು ಉಳಿಯುವುದು ಇಷ್ಟು ಸುಲಭವಲ್ಲ. ನಾನು ಈ ದಿನ ಅರಿಕೆ ಮಾಡಿಕೊಳ್ಳುವುದು ಅಂಥವರ ವಿಚಾರ.

ಕುಣಿಯುವವರನ್ನು ನಾವು ಕಣ್ಣಾರೆ ಕಾಣುತ್ತೇವೆ. ಆದರೆ ಯಾರು ಎಲ್ಲಿ ನಿಲ್ಲಬೇಕು, ಎಷ್ಟು ಮಂದಿ ಯಾವ ಕಡೆಯಿಂದ ಬರಬೇಕು, ಯಾವ ತಾಳಕ್ಕೆ ಸಾಲು ಒಡೆದು ವೃತ್ತವಾಗಬೇಕು ಎಂದು ಗೊತ್ತುಮಾಡಿದವರು ತೆರೆಯ ಹಿಂದೆ ಇರುತ್ತಾರೆ. ಅವರೇ ನೃತ್ಯ ಸಂಯೋಜಕರು.

ಈ ವಿದ್ಯೆಯಲ್ಲಿ ಜಗತ್ತೇ ಮನ್ನಿಸಿದ ಹೆಸರು ಮಾರಿಯಸ್ ಪೆಟಿಪಾ. 1818ರಲ್ಲಿ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಹುಟ್ಟಿ, 1847ರಲ್ಲಿ ರಷ್ಯದ ಪೀಟರ್ಸ್‌ಬರ್ಗಿಗೆ ಹೋಗಿ, ಅಲ್ಲಿಯೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದನು. ಐವತ್ತಕ್ಕೂ ಮಿಗಿಲಾದ ಬ್ಯಾಲೆಗಳನ್ನು ಕಟ್ಟಿದನು. ಮನೆಯಲ್ಲಿ ಕುಳಿತು, ಚದುರಂಗದ ಕಾಯಿಗಳಂಥ ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ, ಗುಂಪಿನ ವಿನ್ಯಾಸಗಳನ್ನು ಮೊದಲೇ ಲೆಕ್ಕ ಹಾಕುತ್ತಿದ್ದನಂತೆ. 1877ರ ‘ಲಾ ಬಯಾದೇರ್’ ಅವನ ಹೆಸರಾಂತ ಕೃತಿ. ಬಯಾದೇರ್ ಎಂದರೆ ನಮ್ಮ ದೇವಾಲಯದ ನರ್ತಕಿ. ಅದರಲ್ಲಿ ಬರುವ ಭಾರತ ಕೇವಲ ಕಲ್ಪನೆಯದು. ಆದರೂ ಬಿಳಿಯುಡುಪಿನ ನರ್ತಕಿಯರು ಒಬ್ಬರ ಹಿಂದೊಬ್ಬರು, ಒಂದೇ ಭಂಗಿಯನ್ನು ಮರಳಿ ಮರಳಿ ಮಾಡುತ್ತ, ಇಳಿಜಾರಿನಲ್ಲಿ ಇಳಿದುಬರುವ ದೃಶ್ಯವನ್ನು ಲೋಕ ಇಂದಿಗೂ ಮರೆತಿಲ್ಲ.

ಹೀಗೆ ಆ ಫ್ರೆಂಚ್ ಮನುಷ್ಯ ಬೆಳೆಸಿದ ವಿದ್ಯೆಗೆ ರಷ್ಯ ಮನೆಯಾಯಿತು. ಆ ಮನೆಗೆ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಹೋಗಿ ಕಲಿತು ಬಂದಳೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮಾಯಾ ರಾವ್ ಅವರು 1928ರಲ್ಲಿ ಮಲ್ಲೇಶ್ವರದಲ್ಲಿ ಹುಟ್ಟಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕುಣಿಯಬಾರದೆಂಬ ಕಾಲ ಅದು. ಆದರೆ ಅವರ ತಂದೆ ಉದಯಶಂಕರರ ತಂಡದ ನೃತ್ಯವನ್ನು ನೋಡಿ ಮನಸೋತು, ಮಕ್ಕಳಿಗೆ ನೃತ್ಯ ಕಲಿಸಲು ನಿಶ್ಚಯಿಸಿದರು. ಸೋಹನ್‌ಲಾಲರಲ್ಲಿ ಕಥಕ್ ಆರಂಭವಾಯಿತು. ತಂದೆ ತೀರಿಕೊಂಡ ಮೇಲೆ ಸಂಸಾರಕ್ಕೆ ಕಷ್ಟ ಬಂದಿತು. ಪಾಠ ಹೇಳುತ್ತಲೇ ತಾವೂ ಕಲಿತರು. ಮುಂದೆ ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರಲ್ಲಿ ವಿದ್ಯಾರ್ಥಿವೇತನ ಪಡೆದು ಮಾಸ್ಕೋಗೆ ತೆರಳಿ, ನೃತ್ಯ ಸಂಯೋಜನೆಯನ್ನೇ ಶಾಸ್ತ್ರವಾಗಿ ಅಭ್ಯಾಸ ಮಾಡಿದರು.

ಅಲ್ಲಿಂದ ಅವರು ತಂದದ್ದು ಬ್ಯಾಲೆಯ ಉಡುಪನ್ನಲ್ಲ, ಕಟ್ಟುವ ಕ್ರಮವನ್ನು. 1964ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ, ಸಂಯೋಜನೆಯನ್ನು ಕಲಿಸುವ ಸಂಸ್ಥೆಯೊಂದು ದೆಹಲಿಯಲ್ಲಿ ತಲೆಯೆತ್ತಿತು. 1987ರಲ್ಲಿ ಮಾಯಾ ರಾವ್ ಅದನ್ನು ತವರೂರಾದ ಬೆಂಗಳೂರಿಗೆ ತಂದರು. ತುಲಸೀದಾಸರನ್ನೂ ಅಮೀರ್ ಖುಸ್ರೋವನ್ನೂ ರಂಗಕ್ಕೆ ತಂದ ಅವರು, ಕುವೆಂಪು ಅವರ ರಾಮಾಯಣ ದರ್ಶನವನ್ನೂ ನೃತ್ಯವಾಗಿ ಕಟ್ಟಿದರು. 1989ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ಸಂದಿತು. 2014ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಅವರು ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ಈ ವಿದ್ಯೆಯನ್ನು ಕಲಿತ ಶಿಷ್ಯವರ್ಗ.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ಹೋದ ವರ್ಷ ನಮ್ಮ ಮಕ್ಕಳು ಮಾಡಿದ ಕೋಲಾಟದ ರೂಪಕಕ್ಕೆ ನೀವೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದಿರಿ. ಎರಡು ತಿಂಗಳು ಸಂಜೆ ಸಂಜೆ ಬಂದು ಅದನ್ನು ಕಟ್ಟಿದವರು ನಮ್ಮೊಳಗಿನ ಒಬ್ಬ ತಾಯಿ. ಕಾರ್ಯಕ್ರಮದ ಕರಪತ್ರದಲ್ಲಿ ಶಾಮಿಯಾನದವರ ಹೆಸರಿತ್ತು, ದೀಪದವರ ಹೆಸರಿತ್ತು, ಆ ತಾಯಿಯ ಹೆಸರಿರಲಿಲ್ಲ. ಅಚ್ಚು ಹಾಕಿಸಿದವನು ನಾನೇ. ಬ್ಯಾಂಕಿನಲ್ಲಿ ಒಬ್ಬರ ಒಂದು ರೂಪಾಯಿ ಅವರ ಹೆಸರಿಗೆ ಬೀಳದಿದ್ದರೆ ಸಂಜೆ ಲೆಕ್ಕ ಮುಗಿಸದ ನಾನು, ಇಲ್ಲಿ ಎರಡು ತಿಂಗಳ ದುಡಿಮೆಯನ್ನೇ ಬಿಟ್ಟುಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಯಜಮಾನರಿಗೆ ವರ್ಗವಾಗಿ ಊರು ಬಿಟ್ಟರು. ಈ ವರ್ಷ ಮಕ್ಕಳು ಅದನ್ನೇ ಮಾಡಹೊರಟರೆ, ಎರಡನೆಯ ಸುತ್ತಿನಿಂದ ಮುಂದೆ ಯಾರಿಗೂ ನೆನಪಾಗಲಿಲ್ಲ.

ಪೆಟಿಪಾನ ಬ್ಯಾಲೆಗಳನ್ನು ಸ್ವರಲಿಪಿಯಂಥ ಒಂದು ಲಿಪಿಯಲ್ಲಿ ಬರೆದಿಟ್ಟಿದ್ದರು. ಕ್ರಾಂತಿಯ ನಂತರ ನಿಕೊಲಾಯ್ ಸೆರ್ಗೆಯೆವ್ ಎಂಬಾತ ಆ ಕಾಗದಗಳನ್ನು ರಷ್ಯದಿಂದ ಹೊರಕ್ಕೆ ಒಯ್ದನು. ಇಂದು ಅವು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ನಮಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ಒಂದು ನೋಟ್‌ಬುಕ್ ಸಾಕು. ಮಕ್ಕಳು ಎಲ್ಲಿ ನಿಂತರು, ಎಷ್ಟು ಹೆಜ್ಜೆಗೆ ತಿರುಗಿದರು, ಕಟ್ಟಿದವರು ಯಾರು ಎಂದು ಅದರಲ್ಲಿ ಬರೆದಿಡೋಣ. ಆ ತಾಯಿಗೆ ನಾನು ಕಾಗದ ಬರೆದು ಕ್ಷಮೆ ಕೇಳಿದ್ದೇನೆ. ಹೆಜ್ಜೆಗಳನ್ನು ತಿಳಿಸಿಕೊಡಿರೆಂದೂ ಬೇಡಿದ್ದೇನೆ. ಉತ್ತರ ಬಂದರೆ ಆ ನೋಟ್‌ಬುಕ್ಕಿನ ಮೊದಲ ಪುಟ ಅವರದು.

ಸಿರಿಗನ್ನಡಂ ಗೆಲ್ಗೆ.