ನೋವಿನ ಮಾತ್ರೆ, ಜೊತೆಗೆ ಇನ್ನೇನು?



ನಮ್ಮ ಕೆ.ಜಿ.ಎಫ್. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರ ಸೊಂಟನೋವು ಹೋಗಲಿಲ್ಲ. ಕಲ್ಲಿನ ಧೂಳು ಕುಡಿದ ಎದೆಯೂ ಹಾಗೇ ಇದೆ. ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರಿಗೂ ಮೈಕೈ ನೋವು. ಕೆಲವರಿಗೆ ಡಾಕ್ಟರು ಟ್ರಮಡಾಲ್, ಪ್ಯಾರಾಸಿಟಮಾಲ್ ಎರಡೂ ಸೇರಿದ ಮಾತ್ರೆ ಬರೆದುಕೊಡ್ತಾರೆ.

ಮಾತ್ರೆ ಒಂದು, ಒಳಗೆ ಮದ್ದು ಎರಡು. ಇದನ್ನ ನಾವು ಮರೀತೀವಿ. ಸಂಜೆ ಜ್ವರ ಬಂದ್ರೆ ಅಂಗಡಿಯಿಂದ ಇನ್ನೊಂದು ತಂದು ನುಂಗ್ತೀವಿ. ಹೆಸರು ಬೇರೆ, ಮದ್ದು ಅದೇ ಪ್ಯಾರಾಸಿಟಮಾಲ್! ಅಳತೆ ಮೀರಿದರೆ ಲಿವರ್ ಕೆಡುತ್ತದೆ.

ಟ್ರಮಡಾಲ್ ಅಫೀಮಿನ ಗುಂಪಿಗೆ ಸೇರಿದ್ದು. ಮಂಪರು ತರುತ್ತದೆ. ಅದರ ಮೇಲೆ ಬ್ರಾಂದಿ ಕುಡಿದರೆ, ನಿದ್ದೆಮಾತ್ರೆ ತಗೊಂಡರೆ, ಉಸಿರು ನಿಧಾನವಾಗುತ್ತದೆ. ನಿಂತೂ ಹೋಗಬಹುದು. ಧೂಳಿನ ಎದೆಯವರಿಗೆ ಅಪಾಯ ಜಾಸ್ತಿ. "ಗೊರಕೆ ಹೊಡೀತಿದಾನೆ, ಮಲಗಲಿ" ಅಂತ ಬಿಡಬೇಡಿ. ಎಬ್ಬಿಸಿದರೂ ಏಳದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮೂರ್ಛೆರೋಗ ಇರುವವರು, ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುವವರು ಡಾಕ್ಟರಿಗೆ ಮೊದಲೇ ಹೇಳಿ. ಟ್ರಮಡಾಲ್‌ನಿಂದ ಫಿಟ್ಸ್ ಬರಬಹುದು. ಹೇಳೋಕೆ ನಾಚಿಕೆ ಯಾಕೆ?

ನಾವು ಕನ್ನಡ ಓದಲು ಕಲಿತೆವು. ಮಾತ್ರೆಯ ಮೇಲೆ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತೆ. ಅದಕ್ಕೇ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಸುರಿಯಿರಿ.