ತಲೆನೋವಿನ ಗುಳಿಗೆಗೂ ಲೆಕ್ಕ ಇಡೋಣ

(ಹೊಸಪೇಟೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳು)



ಮೊದಲು ಒಂದು ಕೇಳುತ್ತೇವೆ. ಚೀಲದಲ್ಲೋ ಸೆರಗಿನ ಗಂಟಿನಲ್ಲೋ ತಲೆನೋವಿನ ಗುಳಿಗೆ ಇದ್ದವರು ಕೈ ಎತ್ತಿ. ನೋಡಿದಿರಾ, ಎಷ್ಟು ಕೈ! ನಾಚಿಕೆ ಬೇಡ. ನಮ್ಮ ಕಾರ್ಯಕರ್ತೆಯರ ಚೀಲದಲ್ಲೂ ಇದೆ.

ತಲೆನೋವು ಸುಳ್ಳಲ್ಲ, ನೆಪವೂ ಅಲ್ಲ. ಕಂಪ್ಲಿ ಕಡೆ ಭತ್ತದ ನಾಟಿಗೆ ಬಗ್ಗುವವರು, ಸಂಡೂರಿನ ಗಣಿ ಲಾರಿಗಳ ಕೆಂಪು ಧೂಳಿನಲ್ಲಿ ದುಡಿಯುವವರು, ಹಂಪಿಯ ಕಾದ ಬಂಡೆಗಳ ನಡುವೆ ಎಳನೀರು ಮಾರುವವರು, ಯಾರನ್ನೂ ಅದು ಬಿಟ್ಟಿಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಜನರಿಗೆ ತಲೆನೋವು ಬಂದಿತ್ತು. ನಾಲ್ಕರಲ್ಲಿ ಒಬ್ಬರದು ಮೈಗ್ರೇನ್, ಅಂದರೆ ಅರೆತಲೆನೋವು. ಹೆಂಗಸರಲ್ಲೇ ಹೆಚ್ಚು.

ಈಗ ಕಂಪ್ಲಿ ಹತ್ತಿರದ ಒಬ್ಬ ಅಕ್ಕನ ವಿಷಯ. ಹೆಸರು ಬೇಡ. ಮನೆಭೇಟಿಗೆ ಹೋದಾಗ ಅವರು ಹೇಳಿದ್ದು: "ದಿನಾ ಎದ್ದ ಕೂಡ್ಲೇ ತಲೆ ಸಿಡೀತೈತ್ರಿ. ಚಾ ಜೊತೆ ಒಂದು ಗುಳಿಗೆ ನುಂಗಿದ್ರೇನೆ ಕಸ ಮುಸುರೆ." ಮೊದಲು ವಾರಕ್ಕೊಂದು ಇತ್ತಂತೆ. ಆಮೇಲೆ ದಿನಕ್ಕೊಂದು. ನಾವು ಹೋದಾಗ ದಿನಕ್ಕೆ ಮೂರು. ಗುಳಿಗೆ ಹೆಚ್ಚಾದ ಹಾಗೆ ನೋವು ಕಡಿಮೆ ಆಗಬೇಕಿತ್ತಲ್ಲ, ಹೆಚ್ಚಾಗಿತ್ತು.

ಇದು ಅವರ ಹಣೆಬರಹವಲ್ಲ, ಗುಳಿಗೆಯ ಗುಣ. ಪದೇ ಪದೇ ತಲೆನೋವು ಬರುವವರು ಮೇಲಿಂದ ಮೇಲೆ ನೋವಿನ ಗುಳಿಗೆ ತಗೊಂಡರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಅದರ ಪ್ರಭಾವ ಇಳಿದ ಕೂಡಲೇ ಮತ್ತೆ ನೋವು. ನೋವು ಬಂತೆಂದು ಮತ್ತೆ ಗುಳಿಗೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಷ್ಟಾದರೆ ಅತಿ? ವೈದ್ಯರು ದಿನಗಳನ್ನು ಎಣಿಸುತ್ತಾರೆ. ಬರೀ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ಆದರೆ ತಿಂಗಳಿಗೆ 15 ದಿನ. ಎರಡು ಮೂರು ಔಷಧ ಸೇರಿಸಿದ ಗುಳಿಗೆ ಆದರೆ 10 ದಿನ ಸಾಕು. ಮೂರು ತಿಂಗಳಿಗೂ ಮೀರಿ ಹೀಗೇ ನಡೆದು, ತಿಂಗಳಲ್ಲಿ 15 ದಿನ ತಲೆನೋವೂ ಇದ್ದರೆ ಗುಳಿಗೆಯ ಮೇಲೇ ಅನುಮಾನ ಪಡಬೇಕು. ಎಲ್ಲರಿಗೂ ಗೊತ್ತಿರುವ ಸಾರಿಡಾನ್ ಈ ಎರಡನೇ ಗುಂಪಿನದು. ಅದರಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರೂ ಇವೆ. ಕೆಫೀನ್ ಎಂದರೆ ಚಾ, ಕಾಫಿಯಲ್ಲಿರುವುದೇ. ಬಿಟ್ಟರೆ ಅದೂ ತಲೆ ಹಿಡಿಸುತ್ತದೆ.

ತಲೆಯೊಂದೇ ಅಲ್ಲ. ರಣಹದ್ದುಗಳ ಕಥೆ ಕೇಳಿದ್ದೀರಾ? ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಿತು. ಮನುಷ್ಯರ ಮೈ ಹದ್ದಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ನಮ್ಮ ಬಿಸಿಲಿನಲ್ಲಿ ನೀರು ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಡೆಂಗ್ಯೂ ಇರುವಾಗ ಇವನ್ನಾಗಲಿ ಆಸ್ಪಿರಿನ್ ಆಗಲಿ ತಗೊಂಡರೆ ರಕ್ತಸ್ರಾವದ ಭಯವೂ ಇದೆ. ಪ್ಯಾರಾಸಿಟಮಾಲ್ ಅತಿಯಾದರೆ ಯಕೃತ್ತಿಗೆ ಕುತ್ತು. ಕುಡಿಯುವ ಅಣ್ಣಂದಿರು ಇದನ್ನು ಸ್ವಲ್ಪ ಗಟ್ಟಿಯಾಗಿ ಕೇಳಿಸಿಕೊಳ್ಳಿ. ನೆಗಡಿ ಗುಳಿಗೆಗಳಲ್ಲೂ ಬಹಳಷ್ಟರಲ್ಲಿ ಅದೇ ಇರುತ್ತದೆ. ಗೊತ್ತಿಲ್ಲದೆ ಎರಡು ಪಾಲು ನುಂಗಿರುತ್ತೇವೆ.

ಆ ಅಕ್ಕನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಬಿಪಿ ನೋಡಿ, ಕಣ್ಣು ನೋಡಿ, ಡಾಕ್ಟರು ಗುಳಿಗೆ ನಿಲ್ಲಿಸಿ ಎಂದರು. ಮೊದಲ ವಾರ ಬಹಳ ಕಷ್ಟವಾಯಿತು. ನೋವು ಇಮ್ಮಡಿ, ವಾಂತಿ, ರಾತ್ರಿ ನಿದ್ದೆ ಇಲ್ಲ. ಐದು ದಿನದ ಕೂಲಿ ಹೋಯಿತು. ಬಡವರು ಗುಳಿಗೆ ಬಿಡದಿರುವುದು ತಿಳಿಯದೆ ಅಲ್ಲ, ಆ ಐದು ದಿನದ ಕೂಲಿಗಾಗಿ. ಸಂಘದವರು ಸಣ್ಣ ಸಾಲ ಕೊಟ್ಟರು, ಪಕ್ಕದ ಮನೆಯವರು ರೊಟ್ಟಿ ಬಡಿದು ಕೊಟ್ಟರು. ಮೂರನೇ ವಾರಕ್ಕೆ ಮುಂಜಾನೆಯ ನೋವು ಹೋಯಿತು. ಈಗಲೂ ತಿಂಗಳಿಗೆ ಎರಡು ಸಲ ಬರುತ್ತದೆ. ಆಗ ಊಟ ಮಾಡಿ ಒಂದು ಗುಳಿಗೆ ತಗೊಳ್ಳುತ್ತಾರೆ. ತಗೊಳ್ಳಲಿ, ಗುಳಿಗೆ ಇರುವುದೇ ಅದಕ್ಕೆ. ಆದರೆ ಬಹಳ ಕಾಲದಿಂದ ನುಂಗುತ್ತಿರುವವರು ನಮ್ಮ ಮಾತು ಕೇಳಿ ಇವತ್ತೇ ನಿಲ್ಲಿಸಬೇಡಿ. ಕೆಲವು ಗುಳಿಗೆಗಳನ್ನು ಮೆಲ್ಲಗೆ ಇಳಿಸಬೇಕಾಗುತ್ತದೆ. ಡಾಕ್ಟರನ್ನು ಕೇಳಿಯೇ ಬಿಡಿ.

ಕೆಲವು ತಲೆನೋವಿಗೆ ಮಾತ್ರ ಗುಳಿಗೆ ನುಂಗಿ ಕಾಯಬಾರದು. ಒಮ್ಮೆಲೇ ಸಿಡಿಲು ಬಡಿದಂತೆ ಬಂದರೆ, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ, ಮಾತು ತೊದಲಿದರೆ, ಕೈಕಾಲು ಸೋತರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಬಸುರಿಗೆ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಊದಿದರೆ ಬಿಪಿ ಏರಿರಬಹುದು. ಬೆಳಗಾಗಲಿ ಎನ್ನಬೇಡಿ, ಆಗಲೂ ಅದೇ ನಂಬರ್.

ಒಬ್ಬ ತಂಗಿ ಕೇಳುತ್ತಿದ್ದಾಳೆ, "ನಾವು ಓದಿಲ್ಲ, ಲೆಕ್ಕ ಹೆಂಗ್ ಇಡಾದು?" ಗೋಡೆಯ ಕ್ಯಾಲೆಂಡರಿನಲ್ಲಿ ತಲೆ ನೋಯ್ದ ದಿನ ಒಂದು ಗೀಟು, ಗುಳಿಗೆ ನುಂಗಿದ ದಿನ ಅದರ ಪಕ್ಕ ಒಂದು ಚುಕ್ಕೆ. ಎರಡು ನುಂಗಿದರೂ ಆ ದಿನಕ್ಕೆ ಒಂದೇ ಚುಕ್ಕೆ. ಮುಂದಿನ ತಿಂಗಳ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಆ ಹಾಳೆಯನ್ನೂ ತನ್ನಿ. ಹತ್ತು ಚುಕ್ಕೆ ಇದ್ದವರನ್ನು ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ.